ಯಾಕೋಬ ಹೋದ ಹಾದಿ

ಬೈಬಲ್ಲಿನ ಕೊನೆಯ ಹಾಳೆಗಳಲ್ಲಿ ನಕಾಶೆ ಇರುತ್ತದೆಂದು ಮೊದಲೇ ಗೊತ್ತಿದ್ದರೆ ಹನುಮಣ್ಣ ಆ ಪುಸ್ತಕ ಮನೆಯೊಳಗೆ ಬಂದ ದಿನ ಅಷ್ಟು ಜಗಳ ತೆಗೆಯುತ್ತಿರಲಿಲ್ಲ.

ತಂದವಳು ಅವನ ಹೆಂಡತಿಯ ತಂಗಿ ಯಂಕಮ್ಮ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೂಲಿ, ಭಾನುವಾರ ಪ್ರಾರ್ಥನೆ ಮನೆ, ಬಾಯಿ ಮಾತ್ರ ವಾರವಿಡೀ. ದೀಪಾವಳಿ ಮುಗಿದ ಮೇಲೆ ಸಾಣಾಪುರಕ್ಕೆ ಬಂದವಳು ಅಕ್ಕ ಹೊಳಿಯಮ್ಮನ ತೊಡೆಯ ಮೇಲೆ ಆ ದಪ್ಪ ಪುಸ್ತಕ ಇಟ್ಟಳು.

“ಸೊಸಿ ಕೈಲೆ ಓದಿಸಿ ಕೇಳಕ್ಕ. ಎದಿ ಹಗುರ ಆಕ್ಕೈತಿ.”

“ಎದುರಿಗೆ ಗುಡ್ಡದ ಮ್ಯಾಲ ಹನುಮಪ್ಪ ಕುಂತಾನ. ಅವಗ ಕೇಳಿಸದ ಸಂಕಟ ನಿಮ್ಮ ಪುಸ್ತಕಕ್ಕ ಕೇಳಿಸ್ತೈತೇನು?” ಅಂದ ಹನುಮಣ್ಣ.

“ಹನುಮಪ್ಪಗ ನಾ ಏನೂ ಅಂದಿಲ್ಲ. ನಮ್ಮಕ್ಕ ಶ್ರಾವಣದಿಂದ ನೆಟ್ಟಗ ಉಂಡಿಲ್ಲ, ಅದನ್ನ ನೋಡ್ರಿ ಮೊದಲ.”

ಅದು ನಿಜವೇ. ಶ್ರಾವಣದಲ್ಲಿ ಡ್ಯಾಮಿನ ಗೇಟು ತೆಗೆದು ಹೊಳೆ ಉಕ್ಕಿದಾಗ ಅವರ ಒಬ್ಬನೇ ಮಗ ರಾಮಾಂಜನೇಯ ದಂಡೆಯಿಂದ ಕಿತ್ತುಕೊಂಡು ಹೊರಟ ತನ್ನ ಹರಿಗೋಲಿನ ಬೆನ್ನು ಹತ್ತಿದ. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತು ಹಾಕಿಸುವುದು ಅವನ ಕಸುಬು, ಆ ಹರಿಗೋಲು ಹೊಸದು. ಹರಿಗೋಲು ಹಿಡಿದ, ಏರಿದ, ಬಂಡೆಗೆ ಬಡಿದು ಅದು ಬೋರಲಾಯಿತು. ದಂಡೆಯಲ್ಲಿ ನಿಂತಿದ್ದ ಅವನ ಜೊತೆಗಾರ ಜಿಲಾನಸಾಬ ಕಣ್ಣಾರೆ ನೋಡಿದ. ಹರಿಗೋಲು ಕಂಪ್ಲಿಯ ಹತ್ತಿರ ಜಾಲಿಗಿಡಕ್ಕೆ ಸಿಕ್ಕಿತು, ಅದರ ಹೆಣಿಗೆಯಲ್ಲಿ ಅವನ ಅಂಗಿ ಸಿಕ್ಕಿತು. ಅವನು ಸಿಗಲಿಲ್ಲ. ಬೋಟಿನವರು ಬಂದು ಹುಡುಕಿದರು, ಈಜುಗಾರರು ಹುಡುಕಿದರು, ಆಮೇಲೆ ಎಲ್ಲರಿಗೂ ಬೇರೆ ಕೆಲಸ ಇದ್ದವು.

“ನೀರಿಗಿಳಿಯೋ ಮೊದಲ ಅಂಗಿ ಬಿಚ್ಚೋದು ಅವನ ರೂಢಿ. ಅಂಗಿ ಸಿಕ್ಕರ ಏನಾತು?” ಎನ್ನುತ್ತಿದ್ದಳು ಹೊಳಿಯಮ್ಮ. ಅವನ ದಿನಕರ್ಮ ಮಾಡಲು ಬಿಡಲಿಲ್ಲ. ಊರ ಹಿರಿಯರು ಅಂಗಿಯನ್ನಾದರೂ ಮಣ್ಣು ಮಾಡಿ ಎಂದಾಗ ಅವರ ಮುಖಕ್ಕೇ ಬಾಗಿಲು ಹಾಕಿದಳು.

ಮನೆಯಲ್ಲಿ ಓದು ಬಲ್ಲವಳು ಸೊಸೆ ಶೋಭಾರಾಣಿ, ಪಿಯುಸಿ ಪಾಸು. ಈಗ ಕೆರೆಯಾಚೆಯ ಒಂದು ಹೋಂ ಸ್ಟೇಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಸಂಜೆ ಬಂದು ರೊಟ್ಟಿ ಬಡಿದು, ಮೂರು ವರ್ಷದ ಮಗಳು ಪಲ್ಲವಿಗೆ ಉಣಿಸಿ, ದೀಪದಡಿ ಪುಸ್ತಕ ತೆಗೆಯುವುದು ಅವಳ ಪಾಲಿಗೆ ಇನ್ನೊಂದು ಕೆಲಸವಾಯಿತು. ಮೊದಲ ವಾರದಲ್ಲೇ ಪುಸ್ತಕದಲ್ಲಿ ಪ್ರಳಯ ಬಂತು.

“ನೀರಿನ ಸುದ್ದಿ ಬ್ಯಾಡ. ದಾಟಿಸು,” ಅಂದಳು ಹೊಳಿಯಮ್ಮ.

ಶೋಭಾರಾಣಿ ದಾಟಿಸಿದಳು. ಹೀಗೆ ದಾಟಿಸುತ್ತ ದಾಟಿಸುತ್ತ ಸಂಕ್ರಾಂತಿಯ ಹೊತ್ತಿಗೆ ಯಾಕೋಬನೆಂಬ ಮುದುಕನ ಹತ್ತಿರ ಬಂದರು. ಅವನ ಮುದ್ದಿನ ಮಗ ಯೋಸೇಫ. ಕುರಿ ಮೇಯಿಸುತ್ತಿದ್ದ ಅಣ್ಣಂದಿರನ್ನು ನೋಡಿಕೊಂಡು ಬಾ ಎಂದು ಅಪ್ಪ ಕಳಿಸುತ್ತಾನೆ. ಹುಡುಗ ಹೆಬ್ರೋನಿನಿಂದ ಶೆಕೆಮಿಗೆ ಹೋಗಿ, ಅಲ್ಲಿ ಅವರು ಸಿಗದೆ ದೋತಾನಕ್ಕೆ ಹೋಗುತ್ತಾನೆ.

ಬಾಗಿಲ ಹತ್ತಿರ ಬೆನ್ನು ಮಾಡಿ ಕೂತು ಬೀಡಿ ಸೇದುತ್ತಿದ್ದ ಹನುಮಣ್ಣ ತಿರುಗಿದ. “ಎಷ್ಟ ದೂರ?”

“ಏನು ಮಾವ?”

“ಆ ಊರಿಂದ ಈ ಊರಿಗೆ. ನಡಕೊಂತ ಹೋದನೋ, ಹತ್ತಾಕ ಕತ್ತೆ ಗಿತ್ತೆ ಇತ್ತೋ?”

ಮೂವತ್ತು ವರ್ಷ ಗಂಗಾವತಿಯ ಅಕ್ಕಿ ಲಾರಿ ಓಡಿಸಿದವನು. ಸೊಂಟ ಬಿದ್ದು, ಕಣ್ಣು ಮಂಜಾಗಿ ಮನೆ ಹಿಡಿದ ಮೇಲೂ ಯಾರಾದರೂ ಊರ ಹೆಸರು ಹೇಳಿದರೆ ಎಷ್ಟು ಕಿಲೋಮೀಟರು, ಯಾವ ಘಾಟಿ, ಎಲ್ಲಿ ಚಹಾ ಎಂದು ಕೇಳದೆ ಬಿಡುವವನಲ್ಲ. ಶೋಭಾರಾಣಿ ಪುಸ್ತಕದ ಕೊನೆ ತಿರುವಿದಳು. ಅಲ್ಲಿದ್ದವು ಬಣ್ಣದ ನಕಾಶೆಗಳು. ಹನುಮಣ್ಣ ಕನ್ನಡಕ ಹುಡುಕಿದ. ಅವತ್ತಿನಿಂದ ಬೈಬಲ್ಲು ಅವನದೂ ಆಯಿತು, ಆದರೆ ಹಿಂದಿನ ಹಾಳೆಗಳು ಮಾತ್ರ.

ಅವನ ಓದು ರಸ್ತೆ ಬದಿಯ ಕೈಕಂಬ ನೋಡಿ ಕಲಿತ ಓದು. ಒಂದೊಂದೇ ಅಕ್ಷರ ಕೂಡಿಸಿ ಊರ ಹೆಸರು ಹಿಡಿಯುತ್ತಿದ್ದ. ಮರುದಿನ ಸಂಜೆಗೆ ಸೊಸೆಯ ಹೊಲಿಗೆ ದಾರ ತಗೊಂಡು, ಅಣ್ಣಂದಿರು ಯೋಸೇಫನನ್ನು ವ್ಯಾಪಾರಿಗಳಿಗೆ ಮಾರಿದ ದೋತಾನದಿಂದ ಅವರು ಅವನನ್ನು ಒಯ್ದ ಐಗುಪ್ತದವರೆಗೆ ಕೆಂಪು ಗೆರೆಯ ಮೇಲೆ ದಾರ ಹಾಸಿದ. ಮೂಲೆಯಲ್ಲಿದ್ದ ಕಿಲೋಮೀಟರಿನ ಪಟ್ಟಿಗೆ ಹಿಡಿದು ಅಳೆದ. ನಾಲ್ಕು ನೂರಕ್ಕೆ ತುಸು ಕಡಿಮೆ ಬಂತು.

“ಇಷ್ಟs?” ಅಂದ. “ಇದು ಇಲ್ಲಿಂದ ಹೈದರಾಬಾದಿನಷ್ಟು. ರಾಯಚೂರ, ಮೆಹಬೂಬನಗರ, ಮುಗೀತು. ಉಂಡು ಗಾಡಿ ಬಿಟ್ರ ಬೆಳಗಿನ ಚಾಕ್ಕ ಅಲ್ಲಿರ್ತಿದ್ದೆ.” ಬೆರಳಿನಿಂದ ಗೆರೆಯನ್ನು ಮತ್ತೆ ಹಿಂಬಾಲಿಸಿದ. “ಮತ್ತ ಇಲ್ಲಿ ನೋಡು. ವ್ಯಾಪಾರಿಗಳು ಹುಡುಗನ್ನ ಹಿಡಕೊಂಡು ಹೋದ ಹಾದಿ ಅವರಪ್ಪನ ಊರ ಬಾಜೂಕs ಹಾದೈತಿ. ಹೆಬ್ರೋನ ಇಲ್ಲೇ ಐತಿ. ಮುದುಕಗ ಗೊತ್ತಾಗಲಿಲ್ಲ.”

ಹೊಳಿಯಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. “ಅವರಪ್ಪಗ ಏನಂತ ಹೇಳಿದ್ರು?”

ಶೋಭಾರಾಣಿ ಓದಿದಳು. ಅಣ್ಣಂದಿರು ಆಡು ಕೊಯ್ದು ಅದರ ರಕ್ತದಲ್ಲಿ ಹುಡುಗನ ಅಂಗಿ ಅದ್ದಿ ಅಪ್ಪನಿಗೆ ತಂದು ತೋರಿಸುತ್ತಾರೆ. ಕಾಡುಮೃಗ ತಿಂದಿತೆಂದು ಅಪ್ಪ ನಂಬುತ್ತಾನೆ. ಓದುತ್ತಿದ್ದಂತೆ ಅವಳ ದನಿ ಸಣ್ಣದಾಯಿತು, ಎಲ್ಲಿಗೆ ಬಂದೆನೆಂದು ಅವಳಿಗೂ ಗೊತ್ತಾಗಿತ್ತು.

“ಅಂಗಿ ಅಷ್ಟs ತಂದ್ರು,” ಅಂದಳು ಹೊಳಿಯಮ್ಮ. “ಅಂಗಿ ಅಷ್ಟs.”

ಆ ದಿನ ಅವಳು ಎರಡು ರೊಟ್ಟಿ ಉಂಡಳು. ಯಂಕಮ್ಮ ಹೇಳಿದ್ದು ಒಂದು ಲೆಕ್ಕಕ್ಕೆ ಸುಳ್ಳಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಊರಿನ ಅಂಗನವಾಡಿಗೆ ಸಹಾಯಕಿ ಬೇಕೆಂದು ಕರೆದರು. ಅಡುಗೆ ಮಾಡುವುದು, ಮಕ್ಕಳಿಗೆ ಬಡಿಸುವುದು, ಕಸ ಗುಡಿಸುವುದು. ಪಲ್ಲವಿ ದಿನಾ ತತ್ತಿ ತಿಂದು ಬರುವುದು ಅಲ್ಲಿಂದಲೇ. ಗಂಡ ಸತ್ತವಳಿಗೆ ಮೊದಲ ಅವಕಾಶ. ಶೋಭಾರಾಣಿ ಬಿಟ್ಟರೆ ಅರ್ಜಿ ಹಾಕುವವಳು ಊರ ಹೊರಗಿನ ಹೊಸ ಪ್ಲಾಟಿನ ಮನೆಯವಳೊಬ್ಬಳೇ, ಅವಳಿಗೆ ಗಂಡ ಇದ್ದ. ಆದರೆ ಶೋಭಾರಾಣಿಯ ಗಂಡ ಸತ್ತಿದ್ದಾನೆಂದು ಸರ್ಕಾರಕ್ಕೆ ಹೇಳುವವರು ಯಾರು? ಹೆಣ ಸಿಕ್ಕಿಲ್ಲ. ಪೊಲೀಸರ ಹತ್ತಿರ ಇನ್ನೂ ಅವನು ಕಾಣೆಯಾದವನೇ.

ಅವಳು ಊರ ಲೆಕ್ಕಪತ್ರ ನೋಡುವ ತಲಾಟಿ ಪ್ರಭುರಾಜನ ಕಚೇರಿಗೆ ಹೋದಳು. ಒಳ್ಳೆಯ ಮನುಷ್ಯ, ಕುರ್ಚಿ ತೋರಿಸಿದ.

“ನೋಡವ್ವ, ಪ್ರವಾಹದಾಗ ಹೋದವರದು ಪಂಚನಾಮಿ ಮಾಡಿ ಕಳಿಸಾಕ ಬರ್ತೈತಿ. ಕಣ್ಣಿಂದ ನೋಡಿದಾಂವ ಜಿಲಾನಸಾಬ ಅದಾನ. ತಂದಿ, ತಾಯಿ, ನೀನು ಮೂರೂ ಮಂದಿ ಊರ ಪಂಚರ ಮುಂದ ಹೌದು ಅಂದ್ರ ನಾ ಬರದು ಮ್ಯಾಲ ಕಳಿಸ್ತೀನಿ. ಇಲ್ಲಾಂದ್ರ ಏಳು ವರ್ಷ ಕಾಯಬೇಕು, ಕೋರ್ಟಿಗೆ ಹೋಗಬೇಕು.”

“ಅತ್ತಿ ಹೌದು ಅನ್ನಂಗಿಲ್ಲರಿ.”

“ಹೇಳಿ ನೋಡು. ಹೊಟ್ಟಿಗಿಂತ ದೊಡ್ಡದೇನೈತಿ? ಮುಂದಿನ ವಾರ ನಾನs ಬರ್ತೀನಿ.”

ಅವಳು ಮನೆಗೆ ಬಂದು ಮೊದಲು ಮಾವನಿಗೆ ಹೇಳಿದಳು. ಅವನು ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ.

“ಹೋಂ ಸ್ಟೇದಾಗ ಮಳಿಗಾಲಕ್ಕ ಬ್ಯಾಡ ಅಂತಾರ ಮಾವ. ಇದು ಕಾಯಂ ಕೆಲಸ. ಊರಾಗs ಐತಿ, ಪಲ್ಲವಿ ಕಣ್ಣ ಮುಂದ ಇರ್ತಾಳ.”

“ಕೆಲಸ ಛಲೋ ಐತಿ.”

“ನಿಮಗೇನ ಅನಿಸ್ತೈತಿ? ಅವರು ಅದಾರೋ ಇಲ್ಲೋ?”

ಹನುಮಣ್ಣ ಬೀಜವೊಂದನ್ನು ಕಿತ್ತು ದೂರ ಒಗೆದ. “ಹಾದಿ ಕೇಳು, ಹೇಳ್ತೀನಿ. ಇದನ್ನ ಕೇಳಬ್ಯಾಡ.” ಇನ್ನೊಂದು ಹಣ್ಣು ಕೈಗೆತ್ತಿಕೊಂಡು ಅಂದ, “ನಾ ಹೆಬ್ಬಟ್ಟ ಒತ್ತತೀನಿ. ಆಕಿದು ನೀ ನೋಡಿಕೊ.”

ಹೊಳಿಯಮ್ಮ ಗದ್ದೆಯಲ್ಲಿ ನಾಟಿ ಮುಗಿಸಿ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು. ಸೊಸೆಯ ಮಾತು ಮುಗಿಯುವವರೆಗೂ ತೊಳೆದಳು.

“ಕೆಲಸದ ಸಲುವಾಗಿ ನನ್ನ ಮಗ ಸಾಯಬೇಕೇನು?”

“ಕೆಲಸದ ಸಲುವಾಗಿ ಸತ್ತಿಲ್ಲ ಅತ್ತಿ. ಹೊಳಿಗೆ ಹೋಗಿ ಸತ್ತಾರ.”

“ನೀ ನೋಡಿಯೇನು?”

“ಜಿಲಾನಣ್ಣ ನೋಡ್ಯಾನ.”

ಜಿಲಾನಸಾಬ ಮರುದಿನ ತಾನಾಗಿಯೇ ಬಂದ. ಹೊಳೆಯ ಕಡೆ ಹೋಗುವುದನ್ನೇ ಬಿಟ್ಟು ಈಗ ಗ್ಯಾರೇಜಿನಲ್ಲಿದ್ದ. ಹೊಸ್ತಿಲ ಹೊರಗೇ ಕೂತ. “ಚಿಗವ್ವ, ನಾ ನಿನಗ ಸುಳ್ಳ ಹೇಳೋದಿಲ್ಲ. ಹರಿಗೋಲ ಬೋರಲ ಬಿತ್ತು. ಒಂದು ಸಲ ಕೈ ಮ್ಯಾಲ ಬಂತು. ಆಮ್ಯಾಲ ಬರಲಿಲ್ಲ.”

“ಮುಳುಗಿದ್ದು ನೋಡಿದಿ. ಸತ್ತದ್ದು ನೋಡಿಯೇನು?”

ಜಿಲಾನಸಾಬ ಎದ್ದು ಚಪ್ಪಲಿ ಮೆಟ್ಟಿದ.

“ಹಂಗಾರ ಚಾ ಕುಡದು ಹೋಗು,” ಅಂದಳು ಹೊಳಿಯಮ್ಮ.

ಅವಳ ತಲೆಯಲ್ಲಿ ಲೆಕ್ಕ ಆಗಲೇ ಕೂತಿತ್ತು. ಹೊಳೆ ಇಲ್ಲಿಂದ ಕಂಪ್ಲಿ, ಸಿರುಗುಪ್ಪ, ಮಂತ್ರಾಲಯ ಹಾದು ಕರ್ನೂಲಿಗೆ ಹೋಗುತ್ತದೆ. ಕರ್ನೂಲಿನಿಂದ ಹೈದರಾಬಾದಿಗೆ ದೊಡ್ಡ ರೋಡು. ಇದನ್ನೆಲ್ಲ ಅವಳಿಗೆ ಹೇಳಿದವನು ಹನುಮಣ್ಣನೇ, ಹುಣಸೆಹಣ್ಣು ಬಿಡಿಸುತ್ತ, ನಕಾಶೆಯ ಹುರುಪಿನಲ್ಲಿ. ಮರಳು ತೆಗೆಯುವವರು ಮಗನನ್ನು ಎತ್ತಿರುತ್ತಾರೆ, ತಲೆಗೆ ಪೆಟ್ಟು ಬಿದ್ದು ಊರ ಹೆಸರು ಮರೆತಿರುತ್ತಾನೆ, ಯಾರೋ ದುಡಿಯಲು ಹೈದರಾಬಾದಿಗೆ ಒಯ್ದಿರುತ್ತಾರೆ. ದೂರವೂ ಅಷ್ಟೇ, ಪುಸ್ತಕದಲ್ಲಿ ಇದ್ದಷ್ಟೇ. ದಾರ ಹಿಡಿದು ಅಳೆದ ಮೇಲೆ ಇನ್ನೇನು ಬೇಕು?

ಶೋಭಾರಾಣಿ ಹೆದರಿದಳು. ಪುಸ್ತಕವನ್ನು ಕೆಲಸಕ್ಕೇ ಒಯ್ದು, ಮಧ್ಯಾಹ್ನ ಹೊದಿಕೆಗಳು ಒಣಗುವವರೆಗೆ ಕೂತು ಮುಂದಿನ ಅಧ್ಯಾಯಗಳನ್ನು ತಾನೇ ಓದಿಬಿಟ್ಟಳು. ಯೋಸೇಫ ಸಾಯುವುದಿಲ್ಲ. ಐಗುಪ್ತದಲ್ಲಿ ಜೈಲು ಕಂಡು, ಆಮೇಲೆ ದೊಡ್ಡ ಅಧಿಕಾರಿಯಾಗಿ, ಬರಗಾಲದಲ್ಲಿ ಧಾನ್ಯ ಹಂಚುತ್ತ ಕೂರುತ್ತಾನೆ. ಇದನ್ನು ಅತ್ತೆ ಕೇಳಿದರೆ ಮುಗಿಯಿತು.

ಆ ಸಂಜೆ ಅವಳು ಅವಸರ ಮಾಡದೆ ನಡುವಿನ ಅಧ್ಯಾಯ ಓದಲು ತೊಡಗಿದಳು. ಅದು ಯೋಸೇಫನ ಅಣ್ಣ ಯೆಹೂದನ ಮನೆಯ ಸುದ್ದಿ. ಅವನ ಮಗ ಸಾಯುತ್ತಾನೆ. ಸೊಸೆ ತಾಮಾರಳಿಗೆ, ನೀನು ಹಾಗೇ ಕಾಯುತ್ತಿರು ಎಂದು ಮಾವ ಹೇಳುತ್ತಾನೆ. ಅವಳು ಕಾಯುತ್ತಲೇ ಇರುತ್ತಾಳೆ, ಯಾರಿಗೂ ಅವಳ ನೆನಪು ಬರುವುದಿಲ್ಲ.

“ಇದ್ಯಾಕವ್ವ ನಡುವ?” ಅಂದಳು ಹೊಳಿಯಮ್ಮ. “ಆ ಸೊಸಿ ಸುದ್ದಿ ನಮಗ್ಯಾಕ. ಹುಡುಗನ ಸುದ್ದಿ ಓದು.”

ಶೋಭಾರಾಣಿ ಹಾಳೆ ತಿರುವಿದಳು, ಕಣ್ಣು ಅಕ್ಷರದ ಮೇಲೆ ಇಟ್ಟಳು, ಅಲ್ಲಿ ಇಲ್ಲದ್ದನ್ನು ಓದಿದಳು. ಐಗುಪ್ತದಲ್ಲಿ ಯೋಸೇಫನನ್ನು ಜೈಲಿಗೆ ಹಾಕಿದರು. ಅಲ್ಲಿ ಜ್ವರ ಬಂತು. ಒಂದು ದಿನ ತೀರಿಕೊಂಡ. ಸುದ್ದಿ ತಿಳಿದ ಅವರಪ್ಪ ಭಾಳ ಅತ್ತು, ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಉಳಿದ ಮಕ್ಕಳು ಮೊಮ್ಮಕ್ಕಳನ್ನು ನೋಡಿಕೊಂಡು ಬಾಳಿದ.

ಹೊಳಿಯಮ್ಮ ಗೋಡೆಗೆ ಒರಗಿದಳು. ಅಳಲಿಲ್ಲ. ಪಲ್ಲವಿಯ ತಲೆ ಸವರಿದಳು.

“ಹಂಗಂದ್ರ ಮುದುಕ ಒಪ್ಪಿಕೊಂಡ,” ಅಂದಳು.

“ಒಪ್ಪಿಕೊಂಡ ಅತ್ತಿ.”

“ಒಪ್ಪದ ಏನ್ ಮಾಡ್ತಾನ ಪಾಪ.”

ಇನ್ನೊಂದು ಮಾತು ಆಡಿದ್ದರೆ ಹೊಳಿಯಮ್ಮ ಪಂಚನಾಮೆಗೆ ಹ್ಞೂಂ ಅನ್ನುತ್ತಿದ್ದಳು. ಆ ಮಾತನ್ನು ಹೇಗೆ ತೆಗೆಯುವುದೆಂದು ಶೋಭಾರಾಣಿ ಯೋಚಿಸುತ್ತಿದ್ದಾಗ, ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಿದ್ದ ಹನುಮಣ್ಣ ನಕಾಶೆಯಿಂದ ಮುಖ ಎತ್ತಿದ.

“ಅದೆಂಗ? ಇಲ್ಲಿ ಇನ್ನೊಂದು ಗೆರಿ ಐತೆಲ್ಲ, ನೀಲಿದು. ಹೆಬ್ರೋನದಿಂದ ಹೊಂಟು ಬೇರ್ಷೆಬ ಹಾದು ಐಗುಪ್ತಕ್ಕ ಹೋಗೈತಿ. ಏನೋ ಬರದಾರ ನೋಡು. ಯಾ, ಕೋ, ಬ. ಯಾಕೋಬನ ಪ್ರಯಾಣ. ಮಗ ಸತ್ತ ಮ್ಯಾಲ ಮುದುಕ ಅಲ್ಲಿಗೆ ಯಾಕ ಹೋದ?”

ಹಾದಿ ತಪ್ಪಾಗಿ ಹೇಳಿದವರನ್ನು ಹಿಡಿಯುವುದು ಅವನ ಜನ್ಮದ ಚಾಳಿ. ಮಾತು ಬಾಯಿಂದ ಬಿದ್ದ ಮೇಲೆ ಸೊಸೆಯ ಮುಖ ನೋಡಿದ. ನೋಡಿ ಗೆರೆಯ ಮೇಲೆ ಅಂಗೈ ಇಟ್ಟ.

ಹೊಳಿಯಮ್ಮ ಅವನ ಕೈ ಸರಿಸಿದಳು. ಅವಳಿಗೆ ಅಕ್ಷರ ಬರುವುದಿಲ್ಲ, ಗೆರೆ ಕಾಣುತ್ತದೆ. ಎಲ್ಲಿಂದ ಎಲ್ಲಿಗೆ ಎಂದು ಬೆರಳಿಟ್ಟು ಕೇಳಿದಳು. ಆಮೇಲೆ ಗಂಡನ ಕೈಲೇ ಯಂಕಮ್ಮನಿಗೆ ಫೋನು ಹಚ್ಚಿಸಿದಳು.

“ಸತ್ತಾ?” ಎಂದಳು ಯಂಕಮ್ಮ ಆ ಕಡೆಯಿಂದ. “ಯಾರಂದ್ರಕ್ಕ? ರಾಜನ ಕೈಕೆಳಗ ಅಂವನs ದೊಡ್ಡವ ಆಗ್ತಾನ. ಅಪ್ಪನ್ನ ಗಾಡಿ ಕಳಿಸಿ ಕರಿಸಿಕೊಂತಾನ.”

ಫೋನು ಇಟ್ಟು ಹೊಳಿಯಮ್ಮ ಸೊಸೆಯ ಕಡೆ ತಿರುಗಿದಳು.

“ಸುಳ್ಳ ಓದಿದಿ,” ಅಂದಳು ಹೊಳಿಯಮ್ಮ. “ದೇವರ ಪುಸ್ತಕ ಕೈಯಾಗ ಹಿಡದು ಸುಳ್ಳ ಓದಿದಿ.”

“ಹೌದು, ಓದಿದೆ,” ಅಂದಳು ಶೋಭಾರಾಣಿ. “ನನಗ ಇಪ್ಪತ್ತಾರು ವರ್ಷ ಅತ್ತಿ. ನಾ ಏನ್ ಮಾಡಬೇಕಿತ್ತು, ಹೇಳ್ರಿ. ಅವರು ಹೋದ ದಿನದಿಂದ ನಾನೂ ಅತ್ತೀನಿ. ನನ್ನ ಗಂಡ ಅವರು. ನೀವು ಒಬ್ಬರs ಕಳಕೊಂಡೀರೇನು?”

“ನಾ ಕಳಕೊಂಡಿಲ್ಲ. ನೀ ಕಳಕೊಂಡಿ.”

ಪ್ರಭುರಾಜ ಹೇಳಿದ ದಿನ ಬಂದ. ಐದು ಜನ ಪಂಚರು ಗುಡಿ ಕಟ್ಟೆಯ ಮೇಲೆ ಕೂತರು. ಜಿಲಾನಸಾಬ ನೋಡಿದ್ದನ್ನು ಹೇಳಿದ. ಹನುಮಣ್ಣ ಹೆಬ್ಬೆಟ್ಟು ಒತ್ತಿದ, ಮಸಿ ಒರೆಸಿಕೊಳ್ಳಲು ಅವನಿಗೆ ಜಾಗ ತೋರಲಿಲ್ಲ, ಧೋತರಕ್ಕೇ ಒರೆಸಿದ. ಶೋಭಾರಾಣಿ ಸಹಿ ಮಾಡಿದಳು. ಆಮೇಲೆ ಹೊಳಿಯಮ್ಮ ಬಂದಳು. ಬೈಬಲ್ಲು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ತಲಾಟಿಯ ಮುಂದೆ ನಕಾಶೆ ಬಿಡಿಸಿ ಇಟ್ಟಳು.

“ಇದು ಯಾವ ತಾಲೂಕಿನ ನಕಾಶೆ ತಾಯಿ?” ಅಂದ ಪ್ರಭುರಾಜ.

“ತಾಲೂಕಿನದಲ್ಲರಿ. ಇಲ್ಲೊಬ್ಬ ಹುಡುಗನ ಅಂಗಿ ಅಷ್ಟs ಮನಿಗೆ ಬಂತು. ಎಲ್ಲಾರೂ ಸತ್ತಾನ ಅಂದ್ರು. ಅಂವ ಇಲ್ಲಿದ್ದ, ನೋಡ್ರಿ, ಹೈದರಾಬಾದಿನಷ್ಟು ದೂರದಾಗ. ನನ್ನ ಮಗ ಜೀವಂತ ಅದಾನ ಅಂತ ಬರಕೊಳ್ರಿ.”

ಪಂಚರಲ್ಲಿ ಒಬ್ಬ ನಗು ತಡೆದುಕೊಂಡ. ಪ್ರಭುರಾಜ ನಗಲಿಲ್ಲ. ಬಹಳ ಸಮಾಧಾನದಿಂದ ಎರಡು ಸಲ ಕೇಳಿದ, ಎರಡು ಸಲವೂ ಅವಳು ಅದನ್ನೇ ಹೇಳಿದಳು. ಅವನು ಪೆನ್ನು ಮುಚ್ಚಿದ.

“ಹೆತ್ತ ತಾಯಿನs ಅದಾನ ಅಂದ ಮ್ಯಾಲ ಸತ್ತಾನ ಅಂತ ನಾ ಹ್ಯಾಂಗ ಬರೀಲಿ ಶೋಭಾರಾಣಿ? ನಾಳೆ ನನ್ನ ಕುತ್ತಿಗಿಗೆ ಬರ್ತೈತಿ. ಅರ್ಜಿಗೆ ಇನ್ನೂ ವಾರ ಐತಿ. ಮನಸು ತಿರುಗಿದ್ರ ಫೋನ್ ಹಚ್ಚು, ಓಡಿ ಬರ್ತೀನಿ.”

ಮನಸ್ಸು ತಿರುಗಲಿಲ್ಲ, ಕಾಲು ತಿರುಗಿದವು. ಮರುದಿನವೇ ಹೊಳಿಯಮ್ಮ ಹಿತ್ತಲಿನ ಆಡು ಮಾರಿ ಗಂಡನ ಮುಂದೆ ನಿಂತಳು.

“ಆ ಮುದುಕ ತಾನs ಹೋದ. ನೀನೂ ನಡಿ.”

“ಅಂವಗ ಮಗ ಗಾಡಿ ಕಳಿಸಿದ್ದ. ನಮಗ ಯಾರು ಕಳಿಸ್ಯಾರ?”

“ಹೈದರಾಬಾದ್ ನಿನಗ ಅಂಗೈ ಇದ್ದಂಗ ಅಂತಿದ್ದೆಲ್ಲ. ಬರ್ತೀಯೋ, ನಾ ಒಬ್ಬಾಕಿನs ಹೋಗಲೋ?”

ಶೋಭಾರಾಣಿ ಮಾವನನ್ನು ಹಿತ್ತಲಿಗೆ ಕರೆದಳು. “ನೀವು ಹೋಗಬ್ಯಾಡ್ರಿ. ಈ ಒಂದು ವಾರ ಇಲ್ಲೇ ಇದ್ದು ಅತ್ತೀಗೆ ಹೇಳ್ರಿ. ನಿಮ್ಮ ಮಾತು ಕೇಳ್ತಾರ.”

“ನನ್ನ ಮಾತು ಆಕಿ ಕೇಳಿದ್ದು ಜನ್ಮದಾಗ ಒಂದs ಸಲ, ಆ ದಾರದ ಲೆಕ್ಕ ಹೇಳಿದಾಗ,” ಅಂದ ಹನುಮಣ್ಣ. “ಒಬ್ಬಾಕಿನ್ನ ಬಿಟ್ರ ಅಲ್ಲೇ ಕಳದು ಹೋಗ್ತಾಳವ್ವ.”

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅವನೂ ಬಸ್ಸು ಹತ್ತಿದ.

ಆ ವಾರ ಶೋಭಾರಾಣಿ ಬಟ್ಟೆ ಒಗೆದಳು, ರೊಟ್ಟಿ ಮಾಡಿದಳು, ಸಂಜೆ ಯಾರೂ ಓದು ಅನ್ನದಿದ್ದರೂ ಕೂತಲ್ಲೇ ಕೂತಳು. ಮಾವ ಫೋನು ಮಾಡುತ್ತಿದ್ದ. ಹಿಂದೆ ತಾನು ಅಕ್ಕಿ ಇಳಿಸುತ್ತಿದ್ದ ಗಂಜ್ ಮಾರುಕಟ್ಟೆಯ ಲಾರಿ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದರು. ಹೊಳಿಯಮ್ಮ ಮಗನ ಫೋಟೊ ಹಿಡಿದು ಹಮಾಲರು, ಗಾರೆ ಕೆಲಸದವರು, ದರ್ಗಾದ ಬಾಗಿಲಲ್ಲಿ ಕೂತವರು, ಒಬ್ಬರನ್ನೂ ಬಿಡದೆ ಕೇಳುತ್ತಿದ್ದಳು. “ಎಲ್ಲಾರೂ ಭಾಳ ಮರ್ಯಾದಿಲೆ ಇಲ್ಲ ಅಂತಾರ,” ಅಂದ ಹನುಮಣ್ಣ. “ನನಗ ನಡಿಯಾಕ ಆಗವಲ್ದು. ಆಕಿ ನಿಲ್ಲವಲ್ಲಳು.”

ಕಡೆಯ ದಿನ ಶೋಭಾರಾಣಿ ಪಲ್ಲವಿಯನ್ನು ಎತ್ತಿಕೊಂಡು ಗಂಗಾವತಿಯ ಕಚೇರಿಗೆ ಹೋದಳು. ಅರ್ಜಿಯಲ್ಲಿ ವಿಧವೆ ಎಂಬಲ್ಲಿ ಗುರುತು ಹಾಕಿದರೆ ಮರಣ ಪತ್ರ ಬೇಕು, ಹಾಕದಿದ್ದರೆ ನೀನೂ ಗಂಡ ಇದ್ದವಳೇ ಎಂದು ಅಲ್ಲಿ ಕೂತಿದ್ದ ಮೇಡಂ ಹೇಳಿದಳು. ಹಾಗಾದರೆ ಮಾರ್ಕ್ಸ್ ನೋಡುತ್ತಾರೆ. ಹೊಸ ಪ್ಲಾಟಿನವಳ ಮಾರ್ಕ್ಸ್ ಹೆಚ್ಚಿದ್ದವು. ಎಂಟೇ ದಿನದಲ್ಲಿ ಅಂಗನವಾಡಿಯ ಕೆಲಸ ಅವಳಿಗೆ ಹೋಯಿತು. ಅವಳು ಪೇಡೆ ಹಂಚುವಾಗ ಈ ಮನೆಯನ್ನೂ ಬಿಡಲಿಲ್ಲ, ಪಲ್ಲವಿ ಎರಡು ತಿಂದಳು.

ಪೇಡೆ ಬಂದ ಸಂಜೆಯೇ ಮುದುಕರು ಬಸ್ಸಿಳಿದು ಬಂದರು. ಹನುಮಣ್ಣ ಬಂದವನೇ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ, ಊಟಕ್ಕೂ ಏಳಲಿಲ್ಲ. ಹೊಳಿಯಮ್ಮನ ಕಾಲು ಬಾತಿದ್ದವು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಶೋಭಾರಾಣಿ ತಾಟಿಗೆ ಅನ್ನ ಹಾಕಿ ಮುಂದಿಟ್ಟಳು.

“ಸಿಗಲಿಲ್ಲ,” ಅಂದಳು ಹೊಳಿಯಮ್ಮ ಉಣ್ಣುತ್ತ. “ಆದರ ಒಬ್ಬ ಡ್ರೈವರ್ ಫೋಟೊ ನೋಡಿ, ಇಂಥಾ ಮುಖದಾಂವನ್ನ ನಾಗಪುರದ ಕಡೆ ನೋಡಿದಂಗ ಐತಿ ಅಂದ. ಇನ್ನೂ ಸ್ವಲ್ಪ ಮುಂದ ಹೋಗ್ಯಾನ, ಅಷ್ಟ.”

“ಅಂಗನವಾಡಿ ಕೆಲಸ ಬ್ಯಾರೇದವರಿಗೆ ಆತು ಅತ್ತಿ.”

“ಹೋಗಲಿ ಬಿಡು. ಅಂವ ಬಂದ ಮ್ಯಾಲ ನೀ ಯಾಕ ದುಡೀತಿ?” ಅನ್ನ ಕಲಸುವ ಕೈ ನಿಲ್ಲಿಸಿದಳು. “ಹೌದು, ಆ ಯಾಕೋಬ ಎಷ್ಟ ವರ್ಷ ಕಾದ?”

ಈ ಸಲ ಶೋಭಾರಾಣಿ ಸುಳ್ಳು ಹೇಳಲಿಲ್ಲ. “ಇಪ್ಪತ್ತರ ಮ್ಯಾಲ ಆಕ್ಕಾವ.”

“ಅಷ್ಟs ಹೌದಿಲ್ಲೋ?” ಹೊಳಿಯಮ್ಮ ಸಮಾಧಾನದಿಂದ ತಾಟು ಬಳಿದು ಉಂಡಳು, ನೀರು ಕುಡಿದಳು, ಕೈ ತೊಳೆದುಕೊಂಡು ಬಂದು ಚೀಲ ಬಿಚ್ಚಿದಳು. ಹಳೆಯ ಪೇಪರಿನಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳು. ಚಾರ್ಮಿನಾರಿನ ಹತ್ತಿರ ಕೊಂಡದ್ದು. ಬಟ್ಟೆ ಒಗೆದು ಒಗೆದು ಶೋಭಾರಾಣಿಯ ಬಳೆಗಳು ಒಂದೊಂದೇ ಒಡೆದಿದ್ದವು, ಅವಳು ಮತ್ತೆ ಹಾಕಿಕೊಂಡಿರಲಿಲ್ಲ. ಕೈ ಬರಿದಾಗಿದ್ದನ್ನು ಈ ಮನೆಯಲ್ಲಿ ಯಾರೂ ನೋಡಿಲ್ಲವೆಂದು ತಿಳಿದಿದ್ದಳು.

“ಬಾ ಇಲ್ಲಿ. ಗಂಡ ಇದ್ದಾಕಿ ಕೈ ಹಿಂಗ ಇರಬಾರದು.”

“ಬ್ಯಾಡ ಅತ್ತಿ.”

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲವ್ವ. ಸುಳ್ಳ ಓದಿದ್ದು ಮರತೀನಿ. ನೀ ಸಣ್ಣಾಕಿ, ನಿನಗ ಧೈರ್ಯ ಸಾಲಲಿಲ್ಲ.”

ಅವಳು ಸೊಸೆಯ ಕೈ ತನ್ನ ಮಡಿಲಿಗೆ ಎಳೆದುಕೊಂಡಳು. ಸೋಪಿನ ನೀರು ಸವರಿ, ಬೆರಳುಗಳನ್ನು ಒಟ್ಟಿಗೆ ಹಿಡಿದು ಒತ್ತಿದಳು. ಒಗೆದು ಒಗೆದು ದಪ್ಪವಾದ ಕೈ, ಬಳೆ ಗಿಣ್ಣಿನ ಹತ್ತಿರ ಬಂದು ನಿಂತಿತು.

“ಬಿಗಿ ಹಿಡೀಬ್ಯಾಡ. ಒಡದು ಚುಚ್ಚತೈತಿ,” ಅಂದಳು ಹೊಳಿಯಮ್ಮ. “ಕೈ ಸಡ್ಲ ಬಿಡು.”

ಶೋಭಾರಾಣಿ ಕೈ ಸಡಿಲ ಬಿಟ್ಟಳು.